ನಡೆಯದ ಯುದ್ಧಕ್ಕೆ ಕಟ್ಟಿದ ವಿಮಾನಗಳು

ಹತ್ತನೆಯ ತರಗತಿಯ ಸಮಾಜ ಪಾಠದಲ್ಲಿ ಎರಡನೆಯ ಮಹಾಯುದ್ಧ ಮುಗಿದು ಶೀತಲ ಸಮರದ ಸಂಗತಿ ಬಂದಾಗ, ಮಕ್ಕಳಿಗೆ ತೋರಿಸೋಣವೆಂದು ನಾವು ಒಂದು ವಿಮಾನದ ಚಿತ್ರವನ್ನು ಕೊಂಡುಹೋಗಿದ್ದೆವು. ಬ್ರಿಟಿಷರ ವಲ್ಕನ್ ಎಂಬ ಬಾಂಬರು ವಿಮಾನದ ಚಿತ್ರ ಅದು. ಅದರ ಹೊಟ್ಟೆ ಸೀಳಿ ಒಳಗಿನ ಭಾಗಗಳನ್ನೆಲ್ಲ ತೋರಿಸಿದ್ದರು. ತ್ರಿಕೋನಾಕಾರದ ಆ ರೆಕ್ಕೆಯನ್ನು ಕಂಡು, ಕಡಲ ಬದಿಯಿಂದ ಬರುವ ಹುಡುಗನೊಬ್ಬ "ತೊರಕೆ ಮೀನಿನ ಹಾಗೆಯೇ ಉಂಟು" ಎಂದ. ತರಗತಿಯೆಲ್ಲ ನಕ್ಕಿತು. ಆದರೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ನಗಲಿಲ್ಲ. "ಮಾಷ್ಟ್ರೇ, ಇದರಲ್ಲಿ ಐದು ಜನ ಕೂತಿದ್ದಾರಲ್ಲ, ಎದುರಿನ ಇಬ್ಬರಿಗೆ ಮಾತ್ರ ಬೇರೆ ನಮೂನೆಯ ಕುರ್ಚಿ ಯಾಕೆ?" ಎಂದು ಕೇಳಿದಳು.

ಅದಕ್ಕೆ ಒಂದೇ ಮಾತಿನಲ್ಲಿ ಉತ್ತರ ಕೊಡಲು ನಮ್ಮಿಂದಾಗಲಿಲ್ಲ. ಆ ವಿಮಾನಗಳ ಇಡೀ ಕಥೆಯನ್ನು ಹೇಳದೆ ಆ ಕುರ್ಚಿಗಳ ಕಥೆ ಅರ್ಥವಾಗುವುದಿಲ್ಲ. ಅಂದು ತರಗತಿಯಲ್ಲಿ ಹೇಳಲು ಸಾಲದೆ ಹೋದ ಸಮಯವನ್ನು ಇಲ್ಲಿ ವಾಚಕರಿಂದ ಕೇಳಿ ಪಡೆಯುತ್ತಿದ್ದೇವೆ.

ಸ್ವಂತ ಬಾಂಬು ಬೇಕೆಂಬ ಹಟ

ಯುದ್ಧಕಾಲದಲ್ಲಿ ಅಮೆರಿಕದ ಅಣುಬಾಂಬು ತಯಾರಿಯಲ್ಲಿ ಬ್ರಿಟಿಷ್ ವಿಜ್ಞಾನಿಗಳೂ ಪಾಲುಗೊಂಡಿದ್ದರು. ಯುದ್ಧ ಮುಗಿದ ಮೇಲೂ ಈ ಸಹಕಾರ ಮುಂದುವರಿಯುವುದೆಂದು ಲಂಡನ್ ನಂಬಿತ್ತು. ಆದರೆ 1946ರ ಆಗಸ್ಟಿನಲ್ಲಿ ಅಮೆರಿಕ ಮ್ಯಾಕ್‌ಮಹೋನ್ ಕಾಯಿದೆಯನ್ನು ತಂದು ಅಣುರಹಸ್ಯಗಳನ್ನು ಹೊರಗಿನವರಿಗೆ, ಮಿತ್ರರಾಷ್ಟ್ರಗಳಿಗೆ ಸಹ, ಕೊಡಬಾರದೆಂದು ವಿಧಿಸಿತು. ಯುದ್ಧದಲ್ಲಿ ಗೆದ್ದು, ಬೊಕ್ಕಸ ಬರಿದಾಗಿ, ಊರಲ್ಲಿ ಇನ್ನೂ ರೇಶನ್ನಿನ ಸಾಲು ಕರಗದಿದ್ದ ಕಾಲ ಅದು. ಹಾಗಿದ್ದರೂ 1947ರ ಜನವರಿಯಲ್ಲಿ ಪ್ರಧಾನಿ ಕ್ಲೆಮೆಂಟ್ ಅಟ್ಲೀ ಮತ್ತು ಆಯ್ದ ಕೆಲವು ಮಂತ್ರಿಗಳು ಗುಟ್ಟಾಗಿ ಸಭೆ ಸೇರಿ, ಬ್ರಿಟನ್ ತನ್ನದೇ ಅಣುಬಾಂಬನ್ನು ತಯಾರಿಸತಕ್ಕದ್ದೆಂದು ನಿಶ್ಚಯಿಸಿದರು. ನಮ್ಮ ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷವೂ ಅದೇ ಎಂಬುದನ್ನು ನೆನಪಿಡಬಹುದು.

ಬಾಂಬು ಇದ್ದರೆ ಸಾಲದು, ಅದನ್ನು ಹೊತ್ತು ಒಯ್ಯುವ ವಾಹನವೂ ಬೇಕು. ಯುದ್ಧದಲ್ಲಿ ಹೆಸರು ಮಾಡಿದ ಲ್ಯಾಂಕಾಸ್ಟರ್ ಬಾಂಬರು ಎಷ್ಟು ಓಡಿಸಿದರೂ ಗಂಟೆಗೆ 300 ಮೈಲು ಮುಟ್ಟುತ್ತಿರಲಿಲ್ಲ. ಹೊಸ ಜೆಟ್ ಕಾದಾಟ ವಿಮಾನಗಳ ಎದುರು ಅದು ಹುಲಿಯ ಮುಂದಿನ ಎತ್ತು. ಆದ್ದರಿಂದ ಅದೇ 1947ರ ಜನವರಿಯಲ್ಲಿ ಸರಕಾರ ವಿಮಾನ ಕಂಪೆನಿಗಳಿಗೆ ಹೊಸ ಬೇಡಿಕೆಯ ಪಟ್ಟಿಯನ್ನು ಕಳುಹಿಸಿತು. 10,000 ಪೌಂಡು ತೂಕದ ಒಂದು ಬಾಂಬನ್ನು ಹೊರಬೇಕು. 1,500 ನಾಟಿಕಲ್ ಮೈಲು ದೂರದ ಗುರಿಯನ್ನು ಮುಟ್ಟಿ ಹಿಂದಿರುಗಬೇಕು. ಗುರಿಯ ಮೇಲೆ 50,000 ಅಡಿಯಷ್ಟು ಎತ್ತರದಲ್ಲಿ, ಶಬ್ದದ ವೇಗಕ್ಕೆ ಸಮೀಪದ ವೇಗದಲ್ಲಿ ಹಾರಬೇಕು. ಹಳೆಯ ಬಾಂಬರುಗಳಲ್ಲಿದ್ದಂತೆ ಬಂದೂಕುಗಳಿರಕೂಡದು. ವೇಗವೂ ಎತ್ತರವೂ ಅದರ ಕವಚವಾಗಬೇಕು.

ಇಷ್ಟರಲ್ಲೇ ಇನ್ನೊಂದು ಕೆಲಸ ಪ್ರತ್ಯೇಕವಾಗಿ ಸಾಗಿತ್ತು. ಇಂಗ್ಲಿಷ್ ಎಲೆಕ್ಟ್ರಿಕ್ ಕಂಪೆನಿಯ ಕ್ಯಾನ್‌ಬೆರಾ ಎಂಬ ಸಣ್ಣ ಜೆಟ್ ಬಾಂಬರು 1949ರ ಮೇ 13ರಂದು ಮೊದಲ ಬಾರಿ ಹಾರಿತು. ಬ್ರಿಟನ್ನಿನ ಮೊದಲ ಜೆಟ್ ಬಾಂಬರು ಅದು. ಆದರೆ ಸೋವಿಯತ್ ದೇಶದ ಒಳಭಾಗದವರೆಗೆ ಭಾರೀ ಅಣುಬಾಂಬನ್ನು ಒಯ್ಯುವುದು ಅದರ ಅಳವಿಗೆ ಮೀರಿದ್ದಾಗಿತ್ತು. ಈ ಕ್ಯಾನ್‌ಬೆರಾದ ಮಾತು ಮುಂದೆ ಬರಲಿದೆ, ಏಕೆಂದರೆ ನಮ್ಮ ದೇಶಕ್ಕೂ ಅದಕ್ಕೂ ದೀರ್ಘಕಾಲದ ನಂಟುಂಟು.

ಮೂರು ಕಂಪೆನಿ, ಮೂರು ರೆಕ್ಕೆ

ಒಂದೇ ಕೆಲಸಕ್ಕೆ ಮೂರು ಬಗೆಯ ವಿಮಾನಗಳೇಕೆ ಎಂದು ಯಾರಾದರೂ ಕೇಳಬಹುದು. ಆ ವೇಗದಲ್ಲಿ, ಆ ಎತ್ತರದಲ್ಲಿ ಯಾವ ರೆಕ್ಕೆ ಸರಿಯಾದೀತೆಂದು ಆಗ ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ. ಒಂದು ಸೋತರೆ ಇನ್ನೊಂದಿರಲಿ ಎಂದು ಸರಕಾರ ಒಂದಕ್ಕಿಂತ ಹೆಚ್ಚು ಕಡೆ ಹಣ ಹೂಡಿತು. ಶಾರ್ಟ್ ಕಂಪೆನಿಯ ಸ್ಪೆರಿನ್ ಎಂಬ ಇನ್ನೊಂದು ವಿಮಾನವೂ ಸಿದ್ಧವಾಗಿ 1951ರಲ್ಲಿ ಹಾರಿತ್ತು. ಅಂಥವು ಎರಡನ್ನು ಕಟ್ಟಿ ಅಷ್ಟಕ್ಕೆ ನಿಲ್ಲಿಸಿದರು. ಉಳಿದ ಮೂರರ ಹೆಸರುಗಳೂ ಇಂಗ್ಲಿಷಿನ 'ವಿ' ಅಕ್ಷರದಿಂದ ಆರಂಭವಾಗುವಂಥವು: ವ್ಯಾಲಿಯಂಟ್, ವಲ್ಕನ್, ವಿಕ್ಟರ್. ಅದರಿಂದಲೇ ಅವುಗಳಿಗೆ 'ವಿ ಬಾಂಬರು'ಗಳೆಂಬ ಹೆಸರು ಬಂತು.

ವಿಕರ್ಸ್ ಕಂಪೆನಿಯ ವ್ಯಾಲಿಯಂಟ್ ಇವುಗಳಲ್ಲಿ ಮೊದಲನೆಯದು. ಜಾರ್ಜ್ ಎಡ್ವರ್ಡ್ಸ್ ಎಂಬ ಎಂಜಿನಿಯರರು ಹೊಸ ಸಾಹಸಗಳಿಗೆ ಹೋಗದೆ, ರೆಕ್ಕೆಯನ್ನು ತುಸುವೇ ಹಿಂದಕ್ಕೆ ಬಾಗಿಸಿ, ಬೇಗ ಕಟ್ಟಿ ಮುಗಿಸಬಹುದಾದ ವಿಮಾನವನ್ನು ಯೋಜಿಸಿದರು. 1951ರ ಮೇ 18ರಂದು ಅದು ಹಾರಿತು. 1955ರಲ್ಲಿ ವಾಯುಪಡೆಯ ಸೇವೆಗೆ ಸೇರಿತು.

ವಲ್ಕನ್ ಆವ್ರೋ ಕಂಪೆನಿಯದು. ಲ್ಯಾಂಕಾಸ್ಟರನ್ನು ರೂಪಿಸಿದ ರಾಯ್ ಚಾಡ್ವಿಕ್ ಅವರೇ ಇದಕ್ಕೂ ತ್ರಿಕೋನದ ರೆಕ್ಕೆಯನ್ನು ಕಲ್ಪಿಸಿದವರು. ತಮ್ಮ ಕಲ್ಪನೆ ಆಕಾಶಕ್ಕೇರುವುದನ್ನು ಕಾಣುವ ಭಾಗ್ಯ ಅವರಿಗಿರಲಿಲ್ಲ. 1947ರ ಆಗಸ್ಟ್ 23ರಂದು ಟ್ಯೂಡರ್ ಎಂಬ ಬೇರೊಂದು ವಿಮಾನದ ಪರೀಕ್ಷೆಯಲ್ಲಿ ಅವರು ಮಡಿದರು. ರೆಕ್ಕೆಯ ನಿಯಂತ್ರಣದ ತಂತಿಗಳನ್ನು ತಪ್ಪಾಗಿ ಅದಲುಬದಲು ಜೋಡಿಸಿದ್ದೇ ಅದಕ್ಕೆ ಕಾರಣ. ತ್ರಿಕೋನದ ರೆಕ್ಕೆಯ ಗುಣವನ್ನು ಪರೀಕ್ಷಿಸಲು 'ಆವ್ರೋ 707' ಎಂಬ ಪುಟ್ಟ ವಿಮಾನಗಳನ್ನು ಕಟ್ಟಿದರು. ಅವುಗಳಲ್ಲಿ ಮೊದಲನೆಯದು 1949ರ ಸೆಪ್ಟೆಂಬರಿನಲ್ಲಿ ಹಾರಿ, ಅದೇ ತಿಂಗಳು ಬಿದ್ದು ಚಾಲಕ ಸತ್ತ. ಕೊನೆಗೆ 1952ರ ಆಗಸ್ಟ್ 30ರಂದು ರೋಲಿ ಫಾಕ್ ಎಂಬ ಪರೀಕ್ಷಾ ಚಾಲಕ ದೊಡ್ಡ ವಲ್ಕನನ್ನು ಆಕಾಶಕ್ಕೇರಿಸಿದರು. ಅದರ ಒಲಿಂಪಸ್ ಎಂಜಿನಿನ ವಂಶದಿಂದಲೇ ಮುಂದೆ ಕಾಂಕಾರ್ಡ್ ಪ್ರಯಾಣಿಕ ವಿಮಾನದ ಎಂಜಿನು ಹುಟ್ಟಿತು.

ಮೂರನೆಯದು ಹ್ಯಾಂಡ್ಲಿ ಪೇಜ್ ಕಂಪೆನಿಯ ವಿಕ್ಟರ್. ಇದರ ರೆಕ್ಕೆ ಬಿದಿಗೆಯ ಚಂದ್ರನಂತೆ ಬಾಗಿತ್ತು. ಬುಡದಲ್ಲಿ ಹೆಚ್ಚು ಬಾಗು, ತುದಿಯತ್ತ ಹೋದಂತೆ ಕಡಿಮೆ. 1952ರ ಡಿಸೆಂಬರ್ 24ರಂದು, ಕ್ರಿಸ್ಮಸ್ಸಿನ ಮುನ್ನಾ ದಿನ, ಅದು ಮೊದಲು ಹಾರಿತು. 1954ರ ಜುಲೈಯಲ್ಲಿ ಆ ಮೊದಲ ವಿಕ್ಟರಿನ ಬಾಲದ ಮೇಲಿನ ಅಡ್ಡರೆಕ್ಕೆ ಕಳಚಿಬಿದ್ದು ಒಳಗಿದ್ದವರೆಲ್ಲ ಸತ್ತರು. ಆದರೂ ವಿಕ್ಟರ್ ಉಳಿದೆರಡಕ್ಕಿಂತ ಹೆಚ್ಚು ಭಾರ ಹೊರುವ ವಿಮಾನವಾಯಿತು. ವ್ಯಾಲಿಯಂಟ್ ಮತ್ತು ವಲ್ಕನ್ ಸಾವಿರ ಪೌಂಡಿನ 21 ಸಾಮಾನ್ಯ ಬಾಂಬುಗಳನ್ನು ಹೊತ್ತರೆ ವಿಕ್ಟರ್ 35ನ್ನು ಹೊರುತ್ತಿತ್ತು.

ಐದು ಮಂದಿ, ಎರಡು ಕುರ್ಚಿ

ಈಗ ನಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ಬರೋಣ. ಈ ಮೂರೂ ವಿಮಾನಗಳಲ್ಲಿ ಐವರು ಕುಳಿತುಕೊಳ್ಳುತ್ತಿದ್ದರು. ಚಾಲಕ ಮತ್ತು ಸಹಚಾಲಕ ಎದುರಿಗೆ. ಅವರ ಹಿಂದೆ, ವಿಮಾನದ ಬಾಲದ ಕಡೆಗೆ ಮುಖ ಮಾಡಿ ಮೂವರು. ಇವರಲ್ಲಿ ಒಬ್ಬ ದಾರಿಯ ಲೆಕ್ಕ ಹಾಕುವವ, ಇನ್ನೊಬ್ಬ ರಾಡಾರ್ ನೋಡಿ ಬಾಂಬಿನ ಗುರಿ ಹಿಡಿಯುವವ, ಮತ್ತೊಬ್ಬ ವಿದ್ಯುತ್ ಮತ್ತು ರೇಡಿಯೋ ಉಪಕರಣಗಳನ್ನು ನೋಡಿಕೊಳ್ಳುವವ. ಅಪಾಯ ಬಂದಾಗ ಚಾಲಕರಿಬ್ಬರ ಕುರ್ಚಿಗಳು ಸಿಡಿಮದ್ದಿನ ಬಲದಿಂದ ಅವರನ್ನು ಹೊರಗೆ ಚಿಮ್ಮಿಸುತ್ತಿದ್ದವು. ಎಜೆಕ್ಷನ್ ಸೀಟು ಎನ್ನುವುದು ಅದನ್ನೇ. ಹಿಂದಿನ ಮೂವರಿಗೆ ಅದಿರಲಿಲ್ಲ. ಅವರು ಬೆಲ್ಟು ಬಿಚ್ಚಿ, ಎದ್ದು, ವಿಮಾನದ ಬಾಗಿಲನ್ನು ತೆರೆದು, ಒಬ್ಬೊಬ್ಬರಾಗಿ ಪ್ಯಾರಾಚೂಟಿನೊಂದಿಗೆ ಹಾರಿಕೊಳ್ಳಬೇಕಾಗಿತ್ತು. ಎತ್ತರದಲ್ಲಿ, ವಿಮಾನ ನೆಟ್ಟಗಿದ್ದಾಗ ಇದು ಸಾಧ್ಯ. ನೆಲದ ಹತ್ತಿರ, ಉರುಳುತ್ತಿರುವ ವಿಮಾನದಿಂದ ಹೇಗೆ ಸಾಧ್ಯ?

ಮೊದಲ ಯೋಜನೆಯಲ್ಲಿ ಇಡೀ ಮುಂಗೋಣೆಯೇ ಕಳಚಿಕೊಂಡು, ದೊಡ್ಡ ಪ್ಯಾರಾಚೂಟುಗಳಲ್ಲಿ ಐವರನ್ನೂ ಒಟ್ಟಿಗೆ ಇಳಿಸಬೇಕೆಂದಿತ್ತು. ಅದು ಕಷ್ಟವೆಂದು ಕಂಡು ಕೈಬಿಟ್ಟರು. ಕೈಬಿಟ್ಟ ಮೇಲೆ ಉಳಿದದ್ದು ಇಬ್ಬರ ಕುರ್ಚಿಗಳು ಮಾತ್ರ.

ಇದರ ಫಲ ಬೇಗನೆ ಕಾಣಿಸಿತು. 1956ರ ಅಕ್ಟೋಬರ್ 1ರಂದು ಒಂದು ವಲ್ಕನ್ ಆಸ್ಟ್ರೇಲಿಯಾ, ನ್ಯೂಜಿಲೆಂಡುಗಳ ಪ್ರವಾಸ ಮುಗಿಸಿ ಲಂಡನ್ನಿನ ಹೀತ್ರೋ ನಿಲ್ದಾಣಕ್ಕೆ ಬರುತ್ತಿತ್ತು. ಸ್ವಾಗತಕ್ಕೆ ಗಣ್ಯರು ಬಂದು ನಿಂತಿದ್ದರು. ಮಳೆ, ಮಬ್ಬು. ವಿಮಾನ ರನ್‌ವೇಗಿಂತ ಮೊದಲೇ ತರಕಾರಿ ಗದ್ದೆಯೊಂದಕ್ಕೆ ತಗಲಿ, ಚಕ್ರಗಳು ಮುರಿದು, ಮೇಲೆದ್ದು ಉರುಳಿತು. ಚಾಲಕನೂ, ಸಹಚಾಲಕನ ಸ್ಥಾನದಲ್ಲಿದ್ದ ಬಾಂಬರ್ ಕಮಾಂಡಿನ ಮುಖ್ಯಸ್ಥ ಸರ್ ಹ್ಯಾರಿ ಬ್ರಾಡ್‌ಹರ್ಸ್ಟ್ ಅವರೂ ಚಿಮ್ಮಿ ಬದುಕಿದರು. ಹಿಂದೆ ಇದ್ದ ನಾಲ್ವರೂ ಸತ್ತರು.

ಉಪಾಯ ಇರಲಿಲ್ಲವೇ? ಇತ್ತು. 1960ರಲ್ಲಿ ಮಾರ್ಟಿನ್-ಬೇಕರ್ ಕಂಪೆನಿಯವರು ಹಾರುತ್ತಿದ್ದ ವ್ಯಾಲಿಯಂಟಿನ ಹಿಂಬದಿಯ ಸ್ಥಾನದಿಂದ ಒಬ್ಬ ಮನುಷ್ಯನನ್ನು ಸುರಕ್ಷಿತವಾಗಿ ಚಿಮ್ಮಿಸಿ ತೋರಿಸಿದರು. ಆದರೆ ಎಲ್ಲ ವಿಮಾನಗಳಿಗೂ ಇದನ್ನು ಅಳವಡಿಸಲು ಖರ್ಚು ಹೆಚ್ಚು, ಅಷ್ಟು ಕಾಲ ಅವುಗಳನ್ನು ಕಾವಲಿನಿಂದ ಹೊರಗಿಡಬೇಕಾಗುತ್ತದೆ ಎಂಬ ಕಾರಣಗಳಿಂದ ಸರಕಾರ ಒಪ್ಪಲಿಲ್ಲ. ಹದಿನೈದು ವರ್ಷಗಳ ಬಳಿಕ, 1975ರ ಅಕ್ಟೋಬರ್ 14ರಂದು, ಮಾಲ್ಟಾ ದ್ವೀಪದ ಜಬ್ಬಾರ್ ಪಟ್ಟಣದ ಮೇಲೆ ಇನ್ನೊಂದು ವಲ್ಕನ್ ಒಡೆದು ಬಿತ್ತು. ಅದರಲ್ಲಿ ಏಳು ಮಂದಿಯಿದ್ದರು. ಚಾಲಕರಿಬ್ಬರು ಉಳಿದರು. ಐವರು ಸತ್ತರು. ಕೆಳಗೆ ಬೀದಿಯಲ್ಲಿದ್ದ ಒಬ್ಬ ಹೆಂಗಸೂ ಸತ್ತಳು.

ಬೋರ್ಡಿನ ಭಾಷೆ

ಬಾಂಬನ್ನು ಪರೀಕ್ಷಿಸಲು ಬ್ರಿಟನ್ನಿನಲ್ಲಿ ಜಾಗವಿರಲಿಲ್ಲ. ದಕ್ಷಿಣ ಆಸ್ಟ್ರೇಲಿಯಾದ ಮರಲಿಂಗ ಎಂಬ ಒಣನೆಲವನ್ನು ಆರಿಸಿಕೊಂಡರು. 1956ರ ಅಕ್ಟೋಬರ್ 11ರಂದು ಒಂದು ವ್ಯಾಲಿಯಂಟ್ ಅಲ್ಲಿ ಬ್ರಿಟನ್ನಿನ ಅಣುಬಾಂಬನ್ನು ಮೊದಲ ಸಲ ವಿಮಾನದಿಂದ ಕೆಡವಿತು. ಮುಂದಿನ ವರ್ಷ ಪೆಸಿಫಿಕ್ ಸಾಗರದ ಮಾಲ್ಡನ್ ದ್ವೀಪ ಮತ್ತು ಕ್ರಿಸ್ಮಸ್ ದ್ವೀಪದ ಬಳಿ ಜಲಜನಕ ಬಾಂಬಿನ ಪರೀಕ್ಷೆಗಳಾದವು. 1957ರ ಮೇ 15ರ ಮೊದಲ ಬಾಂಬು ನಿರೀಕ್ಷೆಯಷ್ಟು ಸಿಡಿಯಲಿಲ್ಲ. ನವೆಂಬರ್ 8ರದ್ದು 18 ಲಕ್ಷ ಟನ್ ಸಿಡಿಮದ್ದಿಗೆ ಸಮನಾದ ಬಲದಿಂದ ಸಿಡಿಯಿತು. ಅವನ್ನು ಒಯ್ದದ್ದೂ ವ್ಯಾಲಿಯಂಟುಗಳೇ.

ಮರಲಿಂಗ ಬರಿದಾದ ನೆಲವಾಗಿರಲಿಲ್ಲ. ಅಲ್ಲಿನ ಮೂಲನಿವಾಸಿಗಳು ತಲೆತಲಾಂತರದಿಂದ ನಡೆದಾಡಿದ ನೆಲ ಅದು. ಅವರನ್ನು ದಕ್ಷಿಣದ ಯಲಾಟ ಎಂಬಲ್ಲಿಗೆ ಸಾಗಿಸಿದರು. ಆದರೂ ಬೇಟೆಗೆ, ನೀರಿಗೆ, ನೆಂಟರನ್ನು ಕಾಣಲು ಜನ ಹಳೆಯ ದಾರಿಗಳಲ್ಲೇ ಓಡಾಡುತ್ತಿದ್ದರು. ಅಪಾಯದ ಬೋರ್ಡುಗಳನ್ನು ನೆಟ್ಟಿದ್ದರು ನಿಜ. ಅವು ಇಂಗ್ಲಿಷಿನಲ್ಲಿದ್ದವು. ಅಲ್ಲಿ ಓಡಾಡುತ್ತಿದ್ದ ಅನೇಕರಿಗೆ ಆ ಭಾಷೆಯನ್ನು ಓದಲು ಬರುತ್ತಿರಲಿಲ್ಲ. 1957ರಲ್ಲಿ ಒಂದು ಕುಟುಂಬ ಬಾಂಬಿನಿಂದಾದ ಗುಂಡಿಯ ಹತ್ತಿರವೇ ಬಿಡಾರ ಹೂಡಿದ್ದುದನ್ನು ಸೈನಿಕರು ಕಂಡರು. 1984ರಲ್ಲಿ ಆಸ್ಟ್ರೇಲಿಯಾ ಸರಕಾರ ನೇಮಿಸಿದ ವಿಚಾರಣಾ ಆಯೋಗ ಇವೆಲ್ಲವನ್ನೂ ಬೆಳಕಿಗೆ ತಂದಿತು. ಅದೇ ವರ್ಷದಿಂದ ಹಂತಹಂತವಾಗಿ ನೆಲವನ್ನು ಆ ಜನರಿಗೆ ಮರಳಿಸಲಾಯಿತು. 1994ರಲ್ಲಿ ಪರಿಹಾರವೂ ಸಿಕ್ಕಿತು. ಪರೀಕ್ಷೆಗಳಲ್ಲಿ ದುಡಿದ ಬ್ರಿಟಿಷ್ ಸೈನಿಕರಿಗೆ ಒಂದು ಪದಕ ಕೊಡುವುದೆಂದು ಅವರ ಸರಕಾರ ಸಾರಿದ್ದು 2022ರಲ್ಲಿ, ಅಷ್ಟರಲ್ಲಿ ಅನೇಕರು ತೀರಿಕೊಂಡಿದ್ದರು.

ಕಚೇರಿಯ ಕಾಗದವೋ ರಸ್ತೆಬದಿಯ ಫಲಕವೋ ನಮಗೆ ಬಾರದ ಭಾಷೆಯಲ್ಲಿದ್ದರೆ ಆಗುವ ತೊಡಕು ಈ ಪತ್ರಿಕೆಯ ಓದುಗರಿಗೆ ಹೊಸತಲ್ಲ. ಮರಲಿಂಗದಲ್ಲಿ ಅದು ಜೀವದ ಪ್ರಶ್ನೆಯಾಗಿತ್ತು.

ಬಿಳಿ ಬಣ್ಣ ಹೋಗಿ ಹಸುರು ಬಣ್ಣ ಬಂತು

ಐವತ್ತರ ದಶಕದ ಕೊನೆಗೆ ವಿ ಬಾಂಬರುಗಳೆಲ್ಲ ಅಚ್ಚ ಬಿಳಿ ಬಣ್ಣದಲ್ಲಿದ್ದವು. ಅದು ಅಂದಕ್ಕಾಗಿ ಅಲ್ಲ. ಬಿಸಿಲಲ್ಲಿ ಬಿಳಿ ಬಟ್ಟೆ ತಂಪಾಗಿರುವಂತೆ, ತಾನೇ ಕೆಡವಿದ ಬಾಂಬಿನ ಝಳ ವಿಮಾನವನ್ನು ಸುಡದಿರಲೆಂದು ಹಾಗೆ ಬಳಿದಿದ್ದರು. ಚಾಲಕರಿಗೆ ಒಂದು ಕಣ್ಣಿಗೆ ಕಟ್ಟಿಕೊಳ್ಳಲು ಕಪ್ಪುಪಟ್ಟಿಯನ್ನೂ ಕೊಟ್ಟಿದ್ದರು. ಸ್ಫೋಟದ ಬೆಳಕಿಗೆ ತೆರೆದ ಕಣ್ಣು ಕುರುಡಾದರೆ ಇನ್ನೊಂದು ಕಣ್ಣಿನಿಂದ ವಿಮಾನ ನಡೆಸಬಹುದಲ್ಲ! ಸೋವಿಯತ್ ಕ್ಷಿಪಣಿಗಳು ಹೊರಟರೆ ಬ್ರಿಟನ್ನಿಗೆ ಸಿಗುವ ಮುನ್ಸೂಚನೆ ನಾಲ್ಕು ನಿಮಿಷ ಮಾತ್ರವೆಂದು ಲೆಕ್ಕವಿತ್ತು. ಅಷ್ಟರೊಳಗೆ ನೆಲ ಬಿಡಬೇಕೆಂದು ಸಿಬ್ಬಂದಿ ಹಗಲಿರುಳು ರನ್‌ವೇಯ ಪಕ್ಕದಲ್ಲೇ ಕಾದಿರುತ್ತಿದ್ದರು. 1962ರ ಅಕ್ಟೋಬರಿನ ಕ್ಯೂಬಾ ಬಿಕ್ಕಟ್ಟಿನ ದಿನಗಳಲ್ಲಿ ಆ ಕಾವಲು ಇನ್ನಷ್ಟು ಬಿಗಿಯಾಯಿತು. ಅದೃಷ್ಟಕ್ಕೆ ಹೊರಡುವ ಆಜ್ಞೆ ಬರಲಿಲ್ಲ.

ಅಷ್ಟರಲ್ಲಿ ಎತ್ತರವೆಂಬ ಕವಚ ಒಡೆದಿತ್ತು. 1960ರ ಮೇ 1ರಂದು ಪೇಶಾವರದಿಂದ ಹೊರಟ ಅಮೆರಿಕದ ಯು-2 ಗೂಢಚಾರ ವಿಮಾನ ಸುಮಾರು 70,000 ಅಡಿ ಎತ್ತರದಲ್ಲಿದ್ದರೂ ಸೋವಿಯತ್ ಕ್ಷಿಪಣಿ ಅದನ್ನು ಹೊಡೆದುರುಳಿಸಿತು. ಇನ್ನು 50,000 ಅಡಿಯಲ್ಲಿ ಹಾರುವ ಬಾಂಬರಿಗೆ ಉಳಿಗಾಲವೆಲ್ಲಿ? ರಾಡಾರಿನ ಕಣ್ಣು ತಪ್ಪಿಸಲು ಮರಗಿಡಗಳ ಮೇಲಿಂದಲೇ, ತಗ್ಗಿನಲ್ಲಿ ಹಾರಬೇಕೆಂದು ತೀರ್ಮಾನವಾಯಿತು. ಬಿಳಿ ಬಣ್ಣದ ಬದಲು ಬೆನ್ನಿಗೆ ಹಸುರು, ಬೂದು ಬಣ್ಣಗಳು ಬಂದವು.

ಆದರೆ ನೆಲದ ಹತ್ತಿರದ ಗಾಳಿ ನಯವಾದುದಲ್ಲ. ಹೊಂಡ ಬಿದ್ದ ರಸ್ತೆಯಲ್ಲಿ ಬಸ್ಸು ಕುಲುಕುವಂತೆ ವಿಮಾನ ಕುಲುಕುತ್ತದೆ. ತಂತಿಯ ತುಂಡೊಂದನ್ನು ಹಿಂದೆಮುಂದೆ ಬಗ್ಗಿಸುತ್ತ ಹೋದರೆ ಕೊನೆಗೆ ಅದು ತುಂಡಾಗುವುದನ್ನು ಮಕ್ಕಳೆಲ್ಲ ಆಡಿ ನೋಡಿದ್ದಾರೆ. ಲೋಹದ ದಣಿವು ಎಂದರೆ ಅದೇ. 1964ರಲ್ಲಿ ವ್ಯಾಲಿಯಂಟುಗಳ ರೆಕ್ಕೆಯ ಬೆನ್ನೆಲುಬಿನಂತಿದ್ದ ತೊಲೆಗಳಲ್ಲಿ ಬಿರುಕುಗಳು ಕಾಣಿಸಿದವು. 1965ರ ಜನವರಿಯಲ್ಲಿ ನೂರಕ್ಕೂ ಮಿಕ್ಕಿ ಕಟ್ಟಿದ್ದ ಆ ಜಾತಿಯನ್ನೇ ಸೇವೆಯಿಂದ ತೆಗೆದು ಗುಜರಿಗೆ ಹಾಕಿದರು.

ದೂರದಿಂದಲೇ ಕ್ಷಿಪಣಿ ಎಸೆದರೆ ಬಾಂಬರು ಉಳಿದೀತೆಂಬ ಆಸೆಯೂ ಇತ್ತು. ಬ್ಲೂ ಸ್ಟೀಲ್ ಎಂಬ ಸ್ವದೇಶಿ ಕ್ಷಿಪಣಿ ನೂರಾರು ಮೈಲು ಹೋಗುತ್ತಿರಲಿಲ್ಲ, ಸುಮಾರು ನೂರೇ ಮೈಲು. ಸಾವಿರ ಮೈಲು ಹೋಗಬೇಕಾಗಿದ್ದ ಅಮೆರಿಕದ ಸ್ಕೈಬೋಲ್ಟನ್ನು ಬ್ರಿಟನ್ ನೆಚ್ಚಿಕೊಂಡಿತ್ತು. 1962ರ ಕೊನೆಗೆ ಅಮೆರಿಕ ಅದನ್ನು ರದ್ದುಮಾಡಿತು. ಡಿಸೆಂಬರಿನಲ್ಲಿ ಬಹಾಮಾಸಿನ ನಸ್ಸಾವಿನಲ್ಲಿ ಕೆನೆಡಿ ಮತ್ತು ಮ್ಯಾಕ್‌ಮಿಲನ್ ಕುಳಿತು ಮಾತಾಡಿ, ಬದಲಿಗೆ ಜಲಾಂತರ್ಗಾಮಿಗಳಿಂದ ಹಾರಿಸುವ ಪೊಲಾರಿಸ್ ಕ್ಷಿಪಣಿಯನ್ನು ಕೊಡುವುದೆಂದಾಯಿತು. 1969ರ ಜೂನ್ ಕೊನೆಗೆ ಅಣುಕಾವಲಿನ ಮುಖ್ಯ ಹೊಣೆ ವಾಯುಪಡೆಯಿಂದ ನೌಕಾಪಡೆಗೆ ಹೋಯಿತು. ಸ್ವಂತ ಬಾಂಬು, ಸ್ವಂತ ವಾಹನವೆಂದು ಹೊರಟ ದೇಶ ಕೊನೆಗೆ ಅಮೆರಿಕದ ಕ್ಷಿಪಣಿಗೆ ಕೈಯೊಡ್ಡಿತು.

ಮುದಿತನದ ಒಂದು ಹಾರಾಟ

ಅಣುಬಾಂಬನ್ನು ಯುದ್ಧದಲ್ಲಿ ಒಂದು ಸಲವೂ ಕೆಡವದ ವಿ ಬಾಂಬರುಗಳು ಸಾಮಾನ್ಯ ಬಾಂಬುಗಳನ್ನು ಎರಡು ಯುದ್ಧಗಳಲ್ಲಿ ಕೆಡವಿದವು. 1956ರ ಸೂಯೆಜ್ ಪ್ರಕರಣದಲ್ಲಿ ವ್ಯಾಲಿಯಂಟುಗಳು ಈಜಿಪ್ಟಿನ ಮೇಲೆ. 1982ರಲ್ಲಿ ವಲ್ಕನುಗಳು ಫಾಕ್‌ಲ್ಯಾಂಡ್ ದ್ವೀಪಗಳ ಮೇಲೆ.

ಎರಡನೆಯ ಸಾಹಸ ಸ್ವಾರಸ್ಯದ್ದು. ವಲ್ಕನುಗಳು ನಿವೃತ್ತಿಯ ಹೊಸ್ತಿಲಲ್ಲಿದ್ದವು. ಅಸೆನ್ಶನ್ ದ್ವೀಪದಿಂದ ಗುರಿಗೆ ಸುಮಾರು 3,900 ಮೈಲು, ಮರಳಲು ಮತ್ತಷ್ಟೇ. ಆಕಾಶದಲ್ಲೇ ಇಂಧನ ತುಂಬಿಸಬೇಕು. ತುಂಬಿಸಿದವು ಯಾವುವು? ಟ್ಯಾಂಕರುಗಳಾಗಿ ಮಾರ್ಪಟ್ಟಿದ್ದ ಅದರ ಹಳೆಯ ಜತೆಗಾರ ವಿಕ್ಟರುಗಳು, ಒಟ್ಟು 11. ಒಂದು ವಿಕ್ಟರಿಗೆ ಇನ್ನೊಂದು, ಅದಕ್ಕೆ ಮತ್ತೊಂದು ಇಂಧನ ಕೊಟ್ಟು ಹಿಂದಿರುಗುತ್ತ, ಕೊನೆಯ ವಿಕ್ಟರ್ ವಲ್ಕನಿಗೆ ಕೊಟ್ಟಿತು. ಮುಖ್ಯ ವಲ್ಕನಿನ ಕಿಟಕಿಯೊಂದು ಸರಿಯಾಗಿ ಮುಚ್ಚದೆ ಅದು ಮರಳಿದ್ದರಿಂದ, ಬದಲಿಗೆಂದು ಹೊರಟಿದ್ದ ಮಾರ್ಟಿನ್ ವಿದರ್ಸ್ ಅವರ ವಿಮಾನ ಮುಂದೆ ಸಾಗಿತು. ಮೇ 1ರ ನಸುಕಿನಲ್ಲಿ 21 ಬಾಂಬುಗಳು ಬಿದ್ದವು. ಪೋರ್ಟ್ ಸ್ಟಾನ್ಲಿಯ ರನ್‌ವೇಯ ಮಧ್ಯಕ್ಕೆ ತಗಲಿದ್ದು ಒಂದು. ಹೊರಟು ಮರಳಲು ಸುಮಾರು 16 ಗಂಟೆ ಹಿಡಿಯಿತು. ಅರ್ಜೆಂಟೀನಾದ ಸಾಗಾಟ ವಿಮಾನಗಳು ಆ ಮೇಲೂ ಅಲ್ಲಿ ಇಳಿಯುತ್ತಿದ್ದವು. ಆ ದಾಳಿಯಿಂದ ಎಷ್ಟು ಪ್ರಯೋಜನವಾಯಿತೆಂಬ ಚರ್ಚೆ ಇನ್ನೂ ಮುಗಿದಿಲ್ಲ.

ವಲ್ಕನುಗಳ ಸೇವೆ 1984ರಲ್ಲಿ, ವಿಕ್ಟರ್ ಟ್ಯಾಂಕರುಗಳದ್ದು 1993ರಲ್ಲಿ ಮುಗಿಯಿತು. ವಿಕ್ಟರ್ ಕಟ್ಟಿದ ಕಂಪೆನಿ ಅದಕ್ಕೂ ಮೊದಲೇ, 1970ರಲ್ಲಿ, ಮುಚ್ಚಿಹೋಗಿತ್ತು. ಜನರ ದೇಣಿಗೆಯಿಂದ ದುರಸ್ತಿಗೊಂಡ ಒಂದು ವಲ್ಕನ್ 2007ರಿಂದ ಪ್ರದರ್ಶನಗಳಲ್ಲಿ ಹಾರುತ್ತಿದ್ದು, 2015ರ ಅಕ್ಟೋಬರಿನಲ್ಲಿ ಅದೂ ನೆಲಕ್ಕಿಳಿಯಿತು.

ನಮ್ಮ ಕ್ಯಾನ್‌ಬೆರಾ

ಕ್ಯಾನ್‌ಬೆರಾದ ಮಾತು ಬಾಕಿಯುಂಟು. 1957ರಲ್ಲಿ ಭಾರತ ಆ ವಿಮಾನಗಳನ್ನು ಕೊಂಡಿತು. 1961ರಲ್ಲಿ ವಿಶ್ವಸಂಸ್ಥೆಯ ಪರವಾಗಿ ಅವು ಕಾಂಗೋಗೆ ಹೋದವು. ಅದೇ ವರ್ಷ ಡಿಸೆಂಬರ್ 18ರಂದು ಗೋವಾ ವಿಮೋಚನೆಯಲ್ಲಿ ದಾಬೋಲಿಂ ರನ್‌ವೇಯ ಮೇಲೆ ಬಾಂಬು ಕೆಡವಿದವು. 1965 ಮತ್ತು 1971ರ ಯುದ್ಧಗಳಲ್ಲೂ ದುಡಿದವು. ನಮ್ಮ ವಾಯುಪಡೆ ಅವುಗಳನ್ನು ಬೀಳ್ಕೊಟ್ಟದ್ದು 2007ರ ಮೇ 11ರಂದು, ಐವತ್ತು ವರ್ಷಗಳ ಸೇವೆಯ ಬಳಿಕ. ಬ್ರಿಟನ್ ತನ್ನ ಕ್ಯಾನ್‌ಬೆರಾಗಳನ್ನು ಹಿಂದಿನ ವರ್ಷವಷ್ಟೇ ಬೀಳ್ಕೊಟ್ಟಿತ್ತು.

ನಮ್ಮಲ್ಲಿದ್ದ ಕ್ಯಾನ್‌ಬೆರಾ ಬಾಂಬರುಗಳ ಮುಖ್ಯ ಮಾದರಿಯಲ್ಲಿ ಇಬ್ಬರು ಕುಳಿತುಕೊಳ್ಳುತ್ತಿದ್ದರು. ಚಾಲಕನಿಗೆ ಎಜೆಕ್ಷನ್ ಸೀಟಿತ್ತು. ಮೂತಿಯೊಳಗೆ ಕುಳಿತು ದಾರಿ ತೋರಿಸುವ ನೇವಿಗೇಟರನಿಗೆ ಇರಲಿಲ್ಲ.

ವಿ ಬಾಂಬರುಗಳಿಂದಾಗಿ ಯುದ್ಧ ತಪ್ಪಿತೆಂದು ಹೇಳುವವರಿದ್ದಾರೆ. ಅವುಗಳಿಲ್ಲದಿದ್ದರೂ ತಪ್ಪುತ್ತಿತ್ತೆನ್ನುವವರೂ ಇದ್ದಾರೆ. ಆ ವಾದವನ್ನು ತೀರ್ಮಾನಿಸುವಷ್ಟು ವಿದ್ಯೆ ನಮಗಿಲ್ಲ. ಯುದ್ಧ ನಡೆಯದಿದ್ದರೂ ಅದರ ಬೆಲೆಯನ್ನು ತೆತ್ತವರು ಮಾತ್ರ ಇದ್ದಾರೆ. ಬಾಲದ ಕಡೆಗೆ ಮುಖ ಮಾಡಿ ಕೂತ ಮೂವರು ತೆತ್ತರು. ಬೋರ್ಡು ಓದಲು ಬಾರದೆ ಹಳೆಯ ದಾರಿಯಲ್ಲಿ ನಡೆದುಹೋದವರು ತೆತ್ತರು. ಯೋಜನೆಯ ಮೇಜಿನ ಸುತ್ತ ಕುಳಿತವರಲ್ಲಿ ಇವರಾರೂ ಇರಲಿಲ್ಲ.

ಮರುದಿನ ತರಗತಿಯಲ್ಲಿ ಆ ಹುಡುಗಿಗೆ ಇದನ್ನೇ ಚುಟುಕಾಗಿ ಹೇಳಿದೆವು. ಆಕೆ ಚಿತ್ರವನ್ನು ಮತ್ತೊಮ್ಮೆ ನೋಡಿ, "ಹಾಗಾದರೆ ಮೊದಲು ಹಿಂದಿನವರ ಕುರ್ಚಿ ಮಾಡಬೇಕಿತ್ತು ಮಾಷ್ಟ್ರೇ" ಎಂದಳು. ನಾವು ಹೌದೆಂದೆವು.